ಹತ್ತು ಪಟ್ಟು ಸಾಕು, ಬೆಳಕು ಓರೆಯಾಗಿರಲಿ

ಪುಟ್ಟ ಭೂತಗನ್ನಡಿಗಳ ಮೇಲೆ '30 ಎಕ್ಸ್', '60 ಎಕ್ಸ್' ಎಂದು ಅಚ್ಚು ಹಾಕಿರುತ್ತಾರೆ. ಜನ ಆ ಸಂಖ್ಯೆ ನೋಡಿಯೇ ಕೊಳ್ಳುತ್ತಾರೆ. ಎಕ್ಸ್ ಜಾಸ್ತಿ ಇದ್ದರೆ ಜಾಸ್ತಿ ಕಾಣುತ್ತದೆ ಅನ್ನುವ ನಂಬಿಕೆ. ಆದರೆ ಆ ಸಂಖ್ಯೆ ಬಹಳ ಸಲ ಸುಳ್ಳಾಗಿರುತ್ತದೆ. ನಿಜವಾಗಿದ್ದರೂ ನಾಣ್ಯ, ಅಂಚೆಚೀಟಿ, ಬೀಜ, ಮರಳು ನೋಡುವವರಿಗೆ ಅಷ್ಟು ಬೇಕಾಗಿಲ್ಲ.

ಸುಳ್ಳೆಂದು ಗೊತ್ತು ಮಾಡಿಕೊಳ್ಳುವುದು ಸುಲಭ. ದೂರದ ಬೆಳಕನ್ನು ಲೆನ್ಸ್ ಎಷ್ಟು ದೂರದಲ್ಲಿ ಒಂದೆಡೆ ಕೂಡಿಸುತ್ತದೋ ಅದೇ ಅದರ ಸಂಗಮ ದೂರ. ಅದನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. 25ನ್ನು ಅದರಿಂದ ಭಾಗಿಸಿ. ಬಂದ ಉತ್ತರವೇ 'ಎಷ್ಟು ಪಟ್ಟು' ಎಂಬುದು. ಸಂಗಮ ದೂರ 2.5 ಸೆಂ.ಮೀ. ಇದ್ದರೆ 10 ಪಟ್ಟು. 30 ಪಟ್ಟು ಬೇಕಾದರೆ ಅದು 8 ಮಿಲಿಮೀಟರಿನ ಆಸುಪಾಸಿಗೆ ಇಳಿಯಬೇಕು. ಈಗ 21 ಮಿಲಿಮೀಟರ್ ಅಗಲದ ಒಂಟಿ ಲೆನ್ಸಿನ ಮೇಲೆ '30 ಎಕ್ಸ್' ಎಂದಿದೆ ಅಂದುಕೊಳ್ಳಿ. ಲೆನ್ಸ್ ಉಬ್ಬಿದಷ್ಟೂ ಅದರ ಸಂಗಮ ದೂರ ಕಡಿಮೆಯಾಗುತ್ತದೆ. ಉಬ್ಬಿಸುತ್ತ ಹೋದರೆ ಕೊನೆಗೆ ಅದು ಗೋಲಿಯೇ ಆಗಿಬಿಡುತ್ತದೆ. ಅದಕ್ಕಿಂತ ಹೆಚ್ಚು ಉಬ್ಬಿಸಲು ಜಾಗವೇ ಇಲ್ಲ. ಅಷ್ಟು ಅಗಲದ ಸಾಮಾನ್ಯ ಗಾಜಿನ ಗೋಲಿಯ ಸಂಗಮ ದೂರ ಸುಮಾರು 16 ಮಿಲಿಮೀಟರ್, ಅಂದರೆ ಸುಮಾರು 16 ಪಟ್ಟು. ಗೋಲಿಗೇ ಆಗದ್ದು ಚಪ್ಪಟೆ ಲೆನ್ಸಿಗೆ ಹೇಗಾದೀತು?

ಅಳೆಯಲು ಉಪಕರಣ ಬೇಕಿಲ್ಲ. ಕಿಟಕಿಯಿಂದ ದೂರದ, ಎದುರಿನ ಗೋಡೆಯ ಹತ್ತಿರ ಲೆನ್ಸ್ ಹಿಡಿಯಿರಿ. ಕಿಟಕಿಯ ತಲೆಕೆಳಗಾದ ಚಿತ್ರ ಗೋಡೆಯ ಮೇಲೆ ಚೊಕ್ಕವಾಗಿ ಮೂಡಿದಾಗ, ಲೆನ್ಸಿಗೂ ಗೋಡೆಗೂ ಇರುವ ದೂರ ನೋಡಿ. ಅಷ್ಟೇ.

ನಿಜಕ್ಕೂ ಹೆಚ್ಚು ಪಟ್ಟು ಬೇಕಿದ್ದವನು ಏನು ಮಾಡಿದ ಅಂತ ಚರಿತ್ರೆಯಲ್ಲೇ ಇದೆ. ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟನಿ ವಾನ್ ಲೇವೆನ್‌ಹುಕ್ ಬಟ್ಟೆ ವ್ಯಾಪಾರಿ. ಬಟ್ಟೆಯ ನೂಲಿನ ಗುಣಮಟ್ಟ ನೋಡಲು ಆ ಕಾಲದ ಜವಳಿಯವರು ಲೆನ್ಸ್ ಬಳಸುತ್ತಿದ್ದರು. ಅವನು ತಾನೇ ಲೆನ್ಸ್ ತಯಾರಿಸಲು ಹೊರಟ. 1670ರ ದಶಕದಲ್ಲಿ ಕೆರೆಯ ನೀರಿನ ಸೂಕ್ಷ್ಮಜೀವಿಗಳನ್ನು ಕಂಡ. 1683ರಲ್ಲಿ ಹಲ್ಲಿನ ಪಾಚಿಯೊಳಗಿನ ಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಅವನ ಉಳಿದಿರುವ ಉಪಕರಣಗಳಲ್ಲಿ ಒಂದು ಸುಮಾರು 266 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಅದರ ಸಂಗಮ ದೂರ ಒಂದು ಮಿಲಿಮೀಟರಿಗಿಂತ ಕಡಿಮೆ, ಲೆನ್ಸೂ ಹಾಗೇ ಚಿಕ್ಕದು. ನೋಡುವ ವಸ್ತು ಲೆನ್ಸಿಗೆ ಅಂಟಿಕೊಂಡಂತೆ ಇರಬೇಕು. ಮೇಲಿನಿಂದ ಬೆಳಕು ಬೀಳಲು ಸಂದಿಯೇ ಉಳಿಯದು. ನೀರಿನ ಹನಿಗೆ ಹಿಂದಿನಿಂದ ಬೆಳಕು ಬಿಟ್ಟರೆ ಸರಿ. ನಾಣ್ಯಕ್ಕೆ ಹೇಗೆ ಬಿಡುವುದು?

ಹಾಗಾಗಿ ನಾಣ್ಯ, ಕಲ್ಲು, ಎಲೆಗೆ 10 ಪಟ್ಟೇ ಸರಿ. ಬರಿಗಣ್ಣಿಗೆ ಒಂದು ಮಿಲಿಮೀಟರಿನ ಹದಿನೈದನೇ ಒಂದು ಭಾಗದಷ್ಟು ಸಣ್ಣದು ಕಷ್ಟಪಟ್ಟು ಕಾಣುತ್ತದೆ. 10 ಪಟ್ಟಿನಲ್ಲಿ ಅದರ ಹತ್ತನೇ ಒಂದು ಭಾಗ. ಇದು ಕಡಿಮೆಯೇನಲ್ಲ.

ಇಂಥ ಲೆನ್ಸ್ ಹೊಸದೇ ಆಗಬೇಕಿಲ್ಲ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಲೆನ್ಸು, ಅಕ್ಕಸಾಲಿಗರ ಮಡಚುವ ಪುಟ್ಟ ಲೆನ್ಸು (ಇದಕ್ಕೆ ಲೂಪ್ ಅನ್ನುತ್ತಾರೆ), ಪ್ರೆಸ್ಸಿನವರು ಬಣ್ಣದ ಚುಕ್ಕಿ ನೋಡಲು ಕಾಗದದ ಮೇಲೆ ನಿಲ್ಲಿಸುತ್ತಿದ್ದ ಮಡಚುವ ಲೆನ್ಸು, ಎಲ್ಲವೂ ಹಳೆ ಸಾಮಾನಿನ ಸಂತೆಗಳಲ್ಲಿ ಸಿಗುತ್ತವೆ. ಬೆಂಗಳೂರಿನವರಾದರೆ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಒಮ್ಮೆ ಕಣ್ಣಾಡಿಸಿ. ಕೊಳ್ಳುವ ಮೊದಲು ಬಿಳಿ ಕಾಗದದ ಮೇಲಿನ ಕಪ್ಪು ಅಕ್ಷರ ನೋಡಿ. ಅಂಚಿನ ಅಕ್ಷರಕ್ಕೆ ನೀಲಿ, ಹಳದಿ ಗೆರೆ ಕಟ್ಟಿದ್ದರೆ ಅದು ಒಂಟಿ ಗಾಜು. ಮೂರು ಗಾಜು ಅಂಟಿಸಿದ ಒಳ್ಳೆಯ ಲೂಪಿನಲ್ಲಿ ಈ ಬಣ್ಣ ಹೆಚ್ಚುಕಡಿಮೆ ಇರುವುದಿಲ್ಲ. ಆಮೇಲೆ ಲೆನ್ಸನ್ನು ಬೆಳಕಿಗೆ ಓರೆ ಹಿಡಿದು ಒಳಗೆ ಜೇಡರ ಬಲೆಯಂಥ ಎಳೆ ಇದೆಯೇ ನೋಡಿ. ಅದು ಬೂಸ್ಟು. ಮಲೆನಾಡು, ಕರಾವಳಿಯ ತೇವದಲ್ಲಿ ಇಟ್ಟ ಲೆನ್ಸುಗಳಿಗೆ ಇದು ಹಿಡಿಯುತ್ತದೆ. ಗಾಜನ್ನೇ ಕೊರೆದಿದ್ದರೆ ಒರೆಸಿದರೂ ಹೋಗದು. ಮೈಮೇಲಿನ ಸಣ್ಣ ಗೀರು ಇದ್ದರೆ ಪರವಾಗಿಲ್ಲ.

ಹಿಡಿಯುವ ರೀತಿಯಲ್ಲೂ ಬಹಳ ಜನ ತಪ್ಪುತ್ತಾರೆ. ಪತ್ತೇದಾರರ ಹಾಗೆ ಕೈ ಚಾಚಿ ಹಿಡಿಯಬಾರದು. ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಇಟ್ಟು, ವಸ್ತುವನ್ನೇ ಅದರ ಬಳಿ ತನ್ನಿ. ಆಗ ಒಂದೇ ಸಲಕ್ಕೆ ತುಂಬ ಅಗಲ ಕಾಣುತ್ತದೆ.

ಈಗ ಬೆಳಕಿನ ವಿಷಯ. ನನ್ನ ಮಟ್ಟಿಗೆ ಇಡೀ ವಿದ್ಯೆ ಇರುವುದೇ ಇಲ್ಲಿ. ನೆತ್ತಿಯ ಮೇಲಿನ ಬಲ್ಬಿನಡಿ ನಾಣ್ಯ ಹಿಡಿದರೆ ಅದು ಬರೀ ಹೊಳೆಯುತ್ತದೆ. ಕೋಣೆ ಕತ್ತಲು ಮಾಡಿ, ಮೊಬೈಲಿನ ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಡಿ. ರಾತ್ರಿ ಬೈಕಿನ ಹೆಡ್‌ಲೈಟಿನಲ್ಲಿ ರಸ್ತೆಯ ಒಂದೊಂದು ತಗ್ಗೂ ಎದ್ದು ಕಾಣುತ್ತದಲ್ವಾ, ಹಾಗೆ. ಬೆಳಕು ಮೇಲ್ಮೈಗೆ ಸುಮಾರು 6 ಡಿಗ್ರಿ ಓರೆಯಲ್ಲಿ ಬಿದ್ದರೆ ನೆರಳಿನ ಉದ್ದ ಉಬ್ಬಿನ ಎತ್ತರದ ಹತ್ತರಷ್ಟಾಗುತ್ತದೆ. ನಾಣ್ಯದ ಮೇಲೆ ಮಿಲಿಮೀಟರಿನ ನೂರನೇ ಒಂದು ಭಾಗ ಎತ್ತರದ ಗೆರೆ ಇದೆ ಅನ್ನಿ. ಅದರ ನೆರಳು ಮಿಲಿಮೀಟರಿನ ಹತ್ತನೇ ಒಂದು ಭಾಗ. ಲೂಪಿನಲ್ಲಿ ಅದು ಒಂದು ಮಿಲಿಮೀಟರಿನಷ್ಟು ಕಾಣುತ್ತದೆ. ಎತ್ತರವನ್ನು ಮೊದಲು ಬೆಳಕು ಹತ್ತು ಪಟ್ಟು ಹಿಗ್ಗಿಸಿತು, ಆಮೇಲೆ ಗಾಜು ಹತ್ತು ಪಟ್ಟು. ಬೆಳಕು ಮಾಡಿದ ಅರ್ಧ ಕೆಲಸಕ್ಕೆ ನೀವು ಒಂದು ಪೈಸೆಯನ್ನೂ ಕೊಡಲಿಲ್ಲ! ಸವೆದ ವೀರಗಲ್ಲು, ಶಾಸನಗಳ ಅಕ್ಷರ ನಡುಮಧ್ಯಾಹ್ನ ಕಾಣದೆ ಬೆಳಿಗ್ಗೆ, ಸಂಜೆಯ ಬಿಸಿಲಿನಲ್ಲಿ ಎದ್ದು ಬರುವುದೂ ಇದೇ ಕಾರಣಕ್ಕೆ. ಟಾರ್ಚನ್ನು ಸುತ್ತ ತಿರುಗಿಸುತ್ತ ನೋಡಿ. ಬೆಳಕು ಬರುವ ದಿಕ್ಕಿಗೇ ಚಾಚಿದ ಗೆರೆಗೆ ನೆರಳು ಬೀಳುವುದಿಲ್ಲ. ದಿಕ್ಕು ಬದಲಾದರೆ ಅದೂ ಕಾಣುತ್ತದೆ.

ಮೊದಲು ಜೇಬಿನ ಚಿಲ್ಲರೆ ನೋಡಿ. ಇಸವಿಯ ಕೆಳಗೆ ವಜ್ರಾಕಾರದ ಗುರುತಿದ್ದರೆ ಮುಂಬೈ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಹಳೆಯ ನಾಣ್ಯದಲ್ಲಿ ಓರೆ ಬೆಳಕಿನ ಉಪಯೋಗ ಇನ್ನೂ ಹೆಚ್ಚು. ಅಚ್ಚೊತ್ತಿದಾಗ ಲೋಹ ಒತ್ತಡಕ್ಕೆ ನಡುವಿನಿಂದ ಅಂಚಿನ ಕಡೆ ಹರಿಯುತ್ತದೆ. ಹಾಗೆ ಹರಿದ ಸಣ್ಣ ಗೆರೆಗಳು ಸವೆಯದ ನಾಣ್ಯದಲ್ಲಿ ಉಳಿದಿರುತ್ತವೆ. ಎರಕ ಹೊಯ್ದ ನಕಲಿಯಲ್ಲಿ ಈ ಗೆರೆ ಇರುವುದಿಲ್ಲ. ಬದಲಿಗೆ ಗಾಳಿಗುಳ್ಳೆಯ ಸಣ್ಣ ಕುಳಿಗಳು, ಅಂಚಿನಲ್ಲಿ ಬೆಸುಗೆಯಂಥ ಗೆರೆ, ಅದನ್ನು ಅರದಿಂದ ಉಜ್ಜಿದ ಗುರುತು ಸಿಗುತ್ತವೆ. ಇನ್ನೊಂದು ಮಾತು. ದಯವಿಟ್ಟು ಹಳೆ ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಟಿಪ್ಪು ಕಾಲದ ಆನೆಯ ಕಾಸನ್ನು ಹಾಗೆ ತಿಕ್ಕಿ ಫಳಫಳ ಮಾಡಿದವರಿದ್ದಾರೆ. ಲೂಪಿನಡಿ ನೋಡಿದರೆ ಆನೆಯ ಮೈಯೆಲ್ಲ ಗೀರು. ಅದು ಮತ್ತೆ ಸರಿಹೋಗುವುದಿಲ್ಲ.

ನನಗೆ ನಿಜಕ್ಕೂ ಆತಂಕ ತರುವುದು 'ರೈಸ್ ಪುಲ್ಲಿಂಗ್' ಎಂಬ ಮೋಸ. ಸಿಡಿಲು ಬಡಿದ ತಾಮ್ರದ ನಾಣ್ಯ ಅಥವಾ ಚೊಂಬು, ಅದರಲ್ಲಿ ಇರಿಡಿಯಂ ಎಂಬ ಅಪರೂಪದ ಲೋಹ ಸೇರಿದೆ, ಅಕ್ಕಿಕಾಳನ್ನು ಎಳೆಯುತ್ತದೆ, ಕೋಟಿಗಟ್ಟಲೆ ಬೆಲೆ ಅಂತ ನಂಬಿಸುತ್ತಾರೆ. ಕರ್ನಾಟಕದಲ್ಲೂ ಪೊಲೀಸರು ಇಂಥ ಗುಂಪುಗಳನ್ನು ಹಿಡಿದಿದ್ದಾರೆ. ಆದರೂ ಜನ ಹೊಲ, ಮನೆ ಮಾರಿ ಹಣ ಸುರಿಯುವುದು ನಿಂತಿಲ್ಲ. ತಾಮ್ರವಾಗಲಿ ಇರಿಡಿಯಂ ಆಗಲಿ ಅಯಸ್ಕಾಂತದಂತೆ ಯಾವುದನ್ನೂ ಸೆಳೆಯುವುದಿಲ್ಲ. ಅಕ್ಕಿಯನ್ನು ಅಯಸ್ಕಾಂತವೂ ಸೆಳೆಯುವುದಿಲ್ಲ. ಕಾಳು ಅಲುಗಿದರೆ ಅದಕ್ಕೆ ಕಬ್ಬಿಣ ಸೇರಿಸಿ, ಎಲ್ಲೋ ಅಯಸ್ಕಾಂತ ಅಡಗಿಸಿರಬಹುದು. ಕಾಳನ್ನು ಒಡೆದು ಲೂಪಿನಡಿ ನೋಡಿ. ಈ ಮೋಸದಲ್ಲಿ 1818ರ ಇಸವಿ ಹಾಕಿದ, ರಾಮ ಸೀತೆ ಅಥವಾ ಹನುಮಂತನ ಚಿತ್ರದ 'ಈಸ್ಟ್ ಇಂಡಿಯಾ ಕಂಪನಿ' ನಾಣ್ಯಗಳನ್ನೂ ತೋರಿಸುತ್ತಾರೆ. ಕಂಪನಿ ಅಂಥ ನಾಣ್ಯವನ್ನು ಟಂಕಿಸಲೇ ಇಲ್ಲ. ಹಳೆ ನಾಣ್ಯ, ನೋಟು ಕೊಳ್ಳುತ್ತೇವೆಂದು ತನ್ನ ಹೆಸರು ಹೇಳಿ ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿತ್ತು.

ನಾಣ್ಯ ಬೇಡವೆಂದರೆ ಹಿತ್ತಲಿಗೆ ಹೋಗಿ. ತುಳಸಿ, ದೊಡ್ಡಪತ್ರೆ ಎಲೆಯ ಮೇಲೆ ಮಿನುಗುವ ಚುಕ್ಕಿಗಳು ಎಣ್ಣೆಯ ಗ್ರಂಥಿಗಳು. ಎಲೆ ಉಜ್ಜಿದಾಗ ಅವೇ ಒಡೆದು ವಾಸನೆ ಬರುತ್ತದೆ. ಸತ್ತ ಸೊಳ್ಳೆಯ ಮೀಸೆ ಗರಿಯ ಹಾಗೆ ದಟ್ಟವಾಗಿದ್ದರೆ ಗಂಡು, ಅದು ಕಚ್ಚುವುದಿಲ್ಲ. ಬೋಳುಬೋಳಾಗಿದ್ದರೆ ಹೆಣ್ಣು.

ಎಲ್ಲಕ್ಕಿಂತ ಚೆಂದ ಮರಳು. ತೊಳೆದು ಒಣಗಿಸಿ ಕಪ್ಪು ಕಾಗದದ ಮೇಲೆ ಚಿಟಿಕೆಯಷ್ಟು ಉದುರಿಸಿ. ಹೊಳೆಯ ಮರಳಿನ ಮೂಲೆಗಳು ನೀರಿನಲ್ಲಿ ಉರುಳಿ ಸವೆದಿರುತ್ತವೆ. ಕ್ರಷರಿನಿಂದ ಬಂದ ಎಂ-ಸ್ಯಾಂಡಿನ ಅಂಚು ಒಡೆದ ಗಾಜಿನಷ್ಟು ಚೂಪು. ಮನೆ ಕಟ್ಟಿಸುವವರು ಬಂದ ಲೋಡು ಯಾವುದೆಂದು ತಾವೇ ನೋಡಿಕೊಳ್ಳಬಹುದು. ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದ ದಂಡೆಯಲ್ಲಿ ಚಿಪ್ಪಿನ ಚೂರುಗಳು ರಾಶಿರಾಶಿ ಇವೆ. ಕಡಲತೀರದ ಯಾವುದೇ ಮರಳಿನಲ್ಲಿ ಚಿಪ್ಪು ಯಾವುದು, ಕಲ್ಲು ಯಾವುದು ಎಂದು ಅನುಮಾನ ಬಂದರೆ ಒಂದು ಹನಿ ನಿಂಬೆರಸ ಬಿಟ್ಟು ಲೂಪಿನಲ್ಲಿ ನೋಡಿ. ಚಿಪ್ಪಿನ ಚೂರಿನಿಂದ ಸಣ್ಣ ಗುಳ್ಳೆಗಳು ಏಳುತ್ತವೆ, ಬೆಣಚುಕಲ್ಲಿನ ಕಣದಿಂದ ಏಳುವುದಿಲ್ಲ.