ನಿಮ್ಮ ಕೆಂಪು ಗೆರೆ ಅವರಿಗೆ ಕಾಣ್ತಿದೆಯಾ?

ಆನ್‌ಲೈನ್ ಕ್ಲಾಸ್ ನಡೆಸುವವರಿಂದ ನನಗೆ ಬರುವ ದೂರುಗಳಲ್ಲಿ ಒಂದು ಮಾತ್ರ ಎಂದೂ ಬದಲಾಗುವುದಿಲ್ಲ. "ಸಾರ್, ಆ ಗೆರೆ ಎಳೆಯೋ ಸಾಫ್ಟ್‌ವೇರ್ ಕೈಕೊಡ್ತು. ನಾನು ಬರೀತಾನೇ ಇದ್ದೆ, ಅವರಿಗೆ ಏನೂ ಕಾಣಿಸ್ಲಿಲ್ವಂತೆ." ಸಾಫ್ಟ್‌ವೇರ್ ಕೈಕೊಟ್ಟಿರುವುದಿಲ್ಲ. ಶೇರ್ ಮಾಡುವಾಗ ನೀವು ಇಡೀ ಸ್ಕ್ರೀನ್ ಕೊಡುವ ಬದಲು ಒಂದೇ ಒಂದು ವಿಂಡೋ ಕೊಟ್ಟಿರುತ್ತೀರಿ. ಇಷ್ಟೇ ವಿಷಯ. ಆದರೆ ಇಷ್ಟೇ ಹೇಳಿ ಬಿಟ್ಟರೆ ಮುಂದಿನ ವಾರ ಅದೇ ಮನುಷ್ಯರು ಅದೇ ದೂರು ತರುತ್ತಾರೆ. ಯಾಕೆ ಹೀಗಾಗುತ್ತದೆ ಅನ್ನುವುದು ತಲೆಗೆ ಇಳಿಯುವವರೆಗೆ ಈ ತಪ್ಪು ನಿಲ್ಲುವುದಿಲ್ಲ.

ನಾನು ಕಲಿಸುವುದು ಅಕೌಂಟೆಂಟ್‌ಗಳಿಗೆ, ತೆರಿಗೆ ಸಲಹೆಗಾರರಿಗೆ, ಕಾಲೇಜಿನ ಕಾಮರ್ಸ್ ಮೇಷ್ಟ್ರುಗಳಿಗೆ. ಎಕ್ಸೆಲ್, ಟ್ಯಾಲಿ, ಜಿಎಸ್‌ಟಿ ಪೋರ್ಟಲ್. ಇವರಲ್ಲಿ ಬಹಳ ಜನ ತಾವೂ ಬೇರೆಯವರಿಗೆ ಕಲಿಸುತ್ತಾರೆ. ಅಂಥವರಿಗೆಲ್ಲ ಪರದೆಯ ಮೇಲೆ ಗೆರೆ ಎಳೆಯಲು ನಾನು ಹಾಕಿಕೊಡುವುದು ಜೂಮ್‌ಇಟ್. ಮೀಟಿಂಗ್ ನಡೆಸುವ ಜೂಮ್‌ಗೂ ಇದಕ್ಕೂ ಯಾವ ನಂಟೂ ಇಲ್ಲ. ಮಾರ್ಕ್ ರಸಿನೋವಿಚ್ ಅನ್ನುವವರು ತಮ್ಮ ಪ್ರೆಸೆಂಟೇಷನ್‌ಗಳಿಗೆ ಬೇಕೆಂದು ತಾವೇ ಬರೆದುಕೊಂಡ ಪುಟ್ಟ ಪ್ರೋಗ್ರಾಂ. ಅವರ ವಿನ್‌ಟರ್ನಲ್ಸ್ ಕಂಪನಿಯನ್ನೂ ಸಿಸ್‌ಇಂಟರ್ನಲ್ಸ್ ಸೈಟನ್ನೂ ಮೈಕ್ರೋಸಾಫ್ಟ್ 2006ರಲ್ಲಿ ಕೊಂಡಿತು. ಈಗ ಮೈಕ್ರೋಸಾಫ್ಟ್ ಸೈಟ್‌ನಲ್ಲೇ ಪುಕ್ಕಟೆ ಸಿಗುತ್ತದೆ, 2025ರಿಂದ ಪವರ್‌ಟಾಯ್ಸ್ ಅನ್ನುವ ಮೈಕ್ರೋಸಾಫ್ಟ್‌ನದ್ದೇ ಪುಟ್ಟ ಪ್ರೋಗ್ರಾಂಗಳ ಕಟ್ಟಿನ ಜೊತೆಗೂ ಬರುತ್ತಿದೆ. ಕಂಟ್ರೋಲ್-2 ಒತ್ತಿದರೆ ಪೆನ್ನು, ಕಂಟ್ರೋಲ್-1 ಒತ್ತಿದರೆ ಝೂಮ್, ಎಸ್ಕೇಪ್ ಒತ್ತಿದರೆ ಹೊರಗೆ. ಉಳಿದದ್ದನ್ನು ನೀವೇ ಒಂದು ಸಂಜೆ ಕೂತು ಒತ್ತಿ ನೋಡಿದರೆ ಗೊತ್ತಾಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಕಾಲೇಜಿನಲ್ಲಿ ಓಎಚ್‌ಪಿ, ಅಂದರೆ ಓವರ್‌ಹೆಡ್ ಪ್ರೊಜೆಕ್ಟರ್, ನೋಡಿದವರು ನೆನಪಿಸಿಕೊಳ್ಳಿ. ಮೇಷ್ಟ್ರು ಅಚ್ಚಾದ ಪಾರದರ್ಶಕ ಹಾಳೆ ಇಡುತ್ತಿದ್ದರು. ಅದರ ಮೇಲೆ ಇನ್ನೊಂದು ಖಾಲಿ ಪಾರದರ್ಶಕ ಹಾಳೆ ಇಟ್ಟು, ಆ ಖಾಲಿ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದರು. ನೋಡುವವರಿಗೆ ಎರಡೂ ಒಂದೇ ಚಿತ್ರ. ಆದರೆ ಕೆಳಗಿನ ಹಾಳೆಗೆ ಮಸಿ ತಾಗುತ್ತಲೇ ಇರಲಿಲ್ಲ. ಜೂಮ್‌ಇಟ್, ಎಪಿಕ್ ಪೆನ್, ಲಿನಕ್ಸ್‌ನ ಗ್ರೋಮಿಟ್ ಎಲ್ಲವೂ ಇದೇ ಜಾತಿ. ನಿಮ್ಮ ಗೆರೆ ಎಕ್ಸೆಲ್ ಮೇಲೆ ಬೀಳುವುದಿಲ್ಲ. ಎಕ್ಸೆಲ್ ಮುಂದೆ ಬೇರೊಂದು ಪ್ರೋಗ್ರಾಂ ಹಾಸಿರುವ ಬೇರೊಂದು ವಿಂಡೋ ಮೇಲೆ ಬೀಳುತ್ತದೆ. ದಯವಿಟ್ಟು ಈ ಎರಡು ಸಾಲನ್ನು ಇನ್ನೊಮ್ಮೆ ಓದಿ. ಇದೊಂದು ಗೊತ್ತಾದರೆ ಮುಂದಿನದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೀಟಿಂಗ್‌ನಲ್ಲಿ 'ವಿಂಡೋ' ಅಂತ ಆರಿಸಿ ಎಕ್ಸೆಲ್ ಕೊಟ್ಟರೆ, ಅದು ಎಕ್ಸೆಲ್‌ನ ಚಿತ್ರವನ್ನು ಮಾತ್ರ ಎತ್ತಿಕೊಂಡು ಕಳಿಸುತ್ತದೆ. ಮೇಲಿನ ಹಾಳೆ ಎಕ್ಸೆಲ್‌ಗೆ ಸೇರಿದ್ದಲ್ಲವಲ್ಲ, ಅದನ್ನು ಬಿಟ್ಟುಬಿಡುತ್ತದೆ. ನಿಮ್ಮ ಕಣ್ಣಿಗೆ ಎರಡೂ ಕಾಣುತ್ತಿರುವುದರಿಂದ ಅವರಿಗೂ ಕಾಣುತ್ತಿದೆ ಅಂದುಕೊಳ್ಳುತ್ತೀರಿ. 'ಇಡೀ ಸ್ಕ್ರೀನ್' ಆರಿಸಿದರೆ ಮಾನಿಟರ್ ಮೇಲೆ ಏನೇನಿದೆಯೋ ಅಷ್ಟೂ ಹೋಗುತ್ತದೆ. ಗೆರೆಯೂ ಹೋಗುತ್ತದೆ.

ಹುಬ್ಬಳ್ಳಿಯ ಒಬ್ಬ ತೆರಿಗೆ ಸಲಹೆಗಾರರ ಕ್ಲಾಸಿಗೆ ಸುಮ್ನೆ ಕೇಳೋಣ ಅಂತ ಕೂತಿದ್ದೆ. ತುಂಬಾ ಒಳ್ಳೆಯ ಮೇಷ್ಟ್ರು. ಜಿಎಸ್‌ಟಿಆರ್‌-3ಬಿ ಅನ್ನುವ ಜಿಎಸ್‌ಟಿ ರಿಟರ್ನ್ ಫಾರ್ಮಿನ 4(ಬಿ) ಪಾಠ. ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕಟ್ಟಿದ ತೆರಿಗೆಗೆ ಸಿಗುವ ಕ್ರೆಡಿಟ್) ವಾಪಸ್ ಮಾಡುವಾಗ, ಮತ್ತೆ ಸಿಗದೇ ಇರುವಂಥದ್ದು ಒಂದನೇ ಸಾಲಿಗೆ, ಮುಂದೆ ತಿರುಗಿ ಪಡೆಯಬಹುದಾದದ್ದು ಎರಡನೇ ಸಾಲಿಗೆ. ಪರದೆಯಲ್ಲಿ ಎರಡೂ ಒಂದರ ಕೆಳಗೊಂದು ಅಂಟಿಕೊಂಡಿವೆ, ಸಾಲು ತಪ್ಪಿದರೆ ಲೆಕ್ಕವೇ ತಪ್ಪು. ಇವರು ವಿಂಡೋ ಶೇರ್ ಮಾಡಿದ್ದಾರೆ.

"ಈ ಮೊತ್ತ ಇಲ್ಲಿ ಬರ್ತೈತ್ರಿ, ಇಲ್ಲಿ ಅಲ್ಲ."

"ಯಾವ ಸಾಲು ಸರ?"

"ಅಲ್ರೀ, ಕೆಂಪು ಡಬ್ಬಿ ಹಾಕೇನಲ್ರೀ, ಅದ."

"ಕೆಂಪು ಡಬ್ಬಿ ಕಾಣವಲ್ದು ಸರ."

"ನಿಮ್ಮ ನೆಟ್ ಸ್ಲೋ ಐತಿ. ಹೊರಗ ಹೋಗಿ ಮತ್ತ ಬರ್ರಿ."

ಪಾಪ, ಆ ಹುಡುಗಿ ಹೊರಗೆ ಹೋಗಿ ಮತ್ತೆ ಬಂದಳು. ಆಗಲೂ ಡಬ್ಬಿ ಇಲ್ಲ. ಉಳಿದವರು ಕಾಣ್ತಿಲ್ಲ ಅಂತ ಹೇಳುವುದಕ್ಕೂ ಹೋಗಲಿಲ್ಲ. ಮೇಷ್ಟ್ರು ಸಿಟ್ಟಾಗ್ತಾರೆ, ನಮಗ್ಯಾಕೆ ಅಂತ ಸುಮ್ಮನಾದರು. ನಾನು ಚಾಟ್‌ನಲ್ಲಿ ಬರೆದೆ. ಮೇಷ್ಟ್ರು ಚಾಟ್ ನೋಡುವ ಅಭ್ಯಾಸದವರಲ್ಲ. ಕೊನೆಗೆ ಫೋನ್ ಮಾಡಿಯೇ ಹೇಳಬೇಕಾಯಿತು.

ಅವರು ವಿಂಡೋ ಮಾತ್ರ ಕೊಟ್ಟದ್ದಕ್ಕೆ ಕಾರಣ ಇಲ್ಲದೆ ಇಲ್ಲ. ಇಡೀ ಸ್ಕ್ರೀನ್ ಕೊಟ್ಟರೆ ವಾಟ್ಸಾಪ್ ಸಂದೇಶ ಮೂಲೆಯಲ್ಲಿ ಇಣುಕುತ್ತದೆ, ಇನ್ನೊಬ್ಬ ಪಾರ್ಟಿಯ ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆದೇ ಇರುತ್ತದೆ. ಈ ಹೆದರಿಕೆ ಸರಿಯಾದದ್ದೇ. ಆದ್ದರಿಂದ ಕಣ್ಣುಮುಚ್ಚಿ ಇಡೀ ಸ್ಕ್ರೀನ್ ಕೊಡಿ ಅಂತ ನಾನು ಹೇಳುವುದಿಲ್ಲ. ಎರಡನೇ ಮಾನಿಟರ್ ಇದ್ದರೆ ಅದರಲ್ಲಿ ಪಾಠಕ್ಕೆ ಬೇಕಾದದ್ದನ್ನು ಮಾತ್ರ ಇಟ್ಟು ಅದನ್ನೇ ಕೊಡಿ. ಒಂದೇ ಇದ್ದರೆ ಉಳಿದದ್ದನ್ನೆಲ್ಲ ಮುಚ್ಚಿ, ವಿಂಡೋಸ್‌ನ ನೋಟಿಫಿಕೇಷನ್ ನಿಲ್ಲಿಸಿ, ಆಮೇಲೆ ಕೊಡಿ. ಗ್ರಾಹಕರ ನಿಜವಾದ ಲೆಕ್ಕ ತೋರಿಸುತ್ತಿದ್ದೀರಿ, ರಿಸ್ಕ್ ಬೇಡ ಅಂದರೆ ವಿಂಡೋನೇ ಕೊಡಿ, ಆದರೆ ಆಗ ಜೂಮ್‌ಇಟ್ ಮರೆತುಬಿಡಿ. ಜೂಮ್ ಮೀಟಿಂಗ್‌ನಲ್ಲಿ ಅದರದ್ದೇ ಅನೊಟೇಟ್ ಪೆನ್ನು ಇದೆ. ಆ ಗೆರೆಯನ್ನು ಮೀಟಿಂಗೇ ಎಲ್ಲರಿಗೂ ಮುಟ್ಟಿಸುತ್ತದೆ, ಹಾಗಾಗಿ ವಿಂಡೋ ಶೇರ್ ಆದರೂ ಕಾಣುತ್ತದೆ. ಕೇಳುವವರೂ ಬರೆಯಬಹುದು ಅನ್ನುವುದನ್ನು ಮಾತ್ರ ಆಫ್ ಮಾಡಿ. ಲಾಕ್‌ಡೌನ್‌ನಲ್ಲಿ ಮಕ್ಕಳು ಟೀಚರ್ ಸ್ಲೈಡ್‌ಗೆ ಮೀಸೆ ಬರೆದದ್ದನ್ನು ನೋಡಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ.

ಎರಡನೆಯ ದೂರು: "ನಾನು ಸ್ಕ್ರೋಲ್ ಮಾಡಿದ್ರೆ ಪೇಜ್ ಹೋಗಲ್ಲ, ಕಂಪ್ಯೂಟರ್ ಹ್ಯಾಂಗ್ ಆಗ್ತದೆ." ಹ್ಯಾಂಗ್ ಆಗಿಲ್ಲ. ಕಂಟ್ರೋಲ್-2 ಒತ್ತಿದ ಕ್ಷಣ ಜೂಮ್‌ಇಟ್ ಪರದೆಯ ಒಂದು ಫೋಟೋ ತೆಗೆದು ಅದನ್ನೇ ನಿಮ್ಮ ಮುಂದೆ ಹಿಡಿಯುತ್ತದೆ. ನೀವು ಬರೆಯುತ್ತಿರುವುದು ಆ ಫೋಟೋ ಮೇಲೆ. ಕ್ಲಿಕ್ ಮಾಡಿದರೆ ಬಟನ್ ಒತ್ತಿಕೊಳ್ಳುವುದಿಲ್ಲ, ಒಂದು ಕೆಂಪು ಚುಕ್ಕೆ ಬೀಳುತ್ತದೆ. ಗಾಬರಿಯಲ್ಲಿ ಇನ್ನಷ್ಟು ಒತ್ತಿದರೆ ಇನ್ನಷ್ಟು ಚುಕ್ಕೆ. ಆಮೇಲೆ ಕರೆಂಟ್ ಸ್ವಿಚ್‌ಗೇ ಕೈ ಹಾಕಿದವರನ್ನು ನೋಡಿದ್ದೇನೆ. ಎಸ್ಕೇಪ್ ಒತ್ತಿ, ಮುಂದೆ ಹೋಗಿ, ಬೇಕಾದಲ್ಲಿ ಮತ್ತೆ ಕಂಟ್ರೋಲ್-2. ಹಿಂದೆ ಪರದೆ ಚಲಿಸುತ್ತಲೇ ಇರಬೇಕು ಅಂದರೆ ಕಂಟ್ರೋಲ್-ಶಿಫ್ಟ್-4ರಲ್ಲಿ ಲೈವ್‌ಡ್ರಾ ಇದೆ. ಆದರೆ ಅಲ್ಲಿ ಹಿಂದಿನ ಪೇಜ್ ಸರಿದರೆ ಗೆರೆ ಅದರ ಜೊತೆ ಸರಿಯುವುದಿಲ್ಲ, ಇದ್ದಲ್ಲೇ ನಿಲ್ಲುತ್ತದೆ. ಈಗ ಯಾಕೆ ಅಂತ ನೀವೇ ಹೇಳಬಲ್ಲಿರಿ, ಅಲ್ವಾ?

ಫೈಲ್ ಸೇವ್ ಮಾಡಿದರೆ ಗೆರೆ ಯಾಕೆ ಬರಲಿಲ್ಲ ಅನ್ನುವುದಕ್ಕೂ ಅದೇ ಉತ್ತರ.

ಪವರ್‌ಪಾಯಿಂಟ್‌ನ ಸ್ವಂತ ಪೆನ್ನು ಮಾತ್ರ ಬೇರೆ ಜಾತಿ. ಸ್ಲೈಡ್‌ಶೋ ನಡೆಯುವಾಗ ಕಂಟ್ರೋಲ್-ಪಿ ಒತ್ತಿ ಬರೆದರೆ ಮಸಿ ಆ ಸ್ಲೈಡ್‌ಗೇ ಅಂಟುತ್ತದೆ. ಮುಂದಿನ ಸ್ಲೈಡ್‌ಗೆ ಹೋಗಿ ತಿರುಗಿ ಬಂದರೂ ಇರುತ್ತದೆ. ಮುಗಿಸುವಾಗ ಬರೆದದ್ದನ್ನು ಇಟ್ಟುಕೊಳ್ಳಲಾ, ಬಿಡಲಾ ಅಂತ ಅದು ಕೇಳುತ್ತದೆ. ಊಟದ ಅವಸರದಲ್ಲಿ ಇಟ್ಟುಕೋ ಅಂತ ಒತ್ತಿ ಸೇವ್ ಮಾಡಿಬಿಡುತ್ತಾರೆ. ಮಾರನೇ ದಿನ ಇನ್ನೊಂದು ಆಫೀಸಿನಲ್ಲಿ ಸ್ಲೈಡ್ ತೆರೆದರೆ ನಿನ್ನೆಯ ಗೀಚೆಲ್ಲ ಹಾಗೇ ಕೂತಿರುತ್ತದೆ. ಬರೀ ಸ್ಲೈಡ್ ತೋರಿಸುವವರಿಗೆ ನಾನು ಜೂಮ್‌ಇಟ್ ಹಾಕಿಕೊಡುವುದೇ ಇಲ್ಲ, ಈ ಪೆನ್ನೇ ಸಾಕು.

ಎಕ್ಸೆಲ್‌ನವರಿಗೆ ಒಂದು ಮಾತು. ಕಂಟ್ರೋಲ್-1 ಒತ್ತಿದರೆ ಎಕ್ಸೆಲ್‌ನಲ್ಲಿ ಫಾರ್ಮ್ಯಾಟ್ ಸೆಲ್ಸ್ ಬರಬೇಕು. ಜೂಮ್‌ಇಟ್ ಹಾಕಿದ ಮೇಲೆ ಆ ಕೀಲಿ ಅದರ ಪಾಲಾಗುತ್ತದೆ. ಕಂಟ್ರೋಲ್-2ರ ಬೋಲ್ಡ್ ಕೂಡ ಹೋಯಿತು. ಇಪ್ಪತ್ತು ವರ್ಷ ಕೈಗೆ ಹತ್ತಿದ ಕೀಲಿ ಕೈಕೊಟ್ಟರೆ ಅಕೌಂಟೆಂಟ್‌ಗೆ ಎಷ್ಟು ಸಿಟ್ಟು ಬರುತ್ತದೆ ಅಂತ ನನ್ನನ್ನು ಕೇಳಿ. ಜೂಮ್‌ಇಟ್‌ನ ಸೆಟಿಂಗ್ಸ್‌ಗೆ ಹೋಗಿ ಅದರ ಕೀಲಿಗಳ ಜೊತೆಗೆ ಆಲ್ಟ್ ಕೂಡ ಸೇರಿಸಿಕೊಳ್ಳಿ. ಮೊದಲ ದಿನವೇ ಮಾಡಿ.

ಕಂಟ್ರೋಲ್-3 ಬಗ್ಗೆಯೂ ಎಚ್ಚರ. ಅದು ಬಿಡುವಿನ ಗಡಿಯಾರ, ತಾನಾಗಿ 10 ನಿಮಿಷಕ್ಕೆ ಇಟ್ಟಿರುತ್ತದೆ. ಒಬ್ಬರು ಪೆನ್ನು ತೆಗೆಯಲು ಹೋಗಿ ಅದನ್ನು ಒತ್ತಿದರು. ಪರದೆ ತುಂಬ ಗಡಿಯಾರ ಓಡತೊಡಗಿತು. ಮೇಷ್ಟ್ರು ಎಸ್ಕೇಪ್ ಹುಡುಕುವಷ್ಟರಲ್ಲಿ ಅರ್ಧ ಹಾಲ್ ಟೀ ಕುಡಿಯಲು ಎದ್ದಾಗಿತ್ತು. ಕರೆದರೂ ಯಾರೂ ತಿರುಗಲಿಲ್ಲ. ನನಗಂತೂ ಅವರದೇ ಸರಿ ಅನ್ನಿಸಿತು. ಬೆಳಗ್ಗೆಯಿಂದ ಜಿಎಸ್‌ಟಿ ಕೇಳುತ್ತಿದ್ದರು ಪಾಪ.

ಗೆರೆ ಕಾಣುವಂತಾದ ಮೇಲೆ ಇನ್ನೊಂದು ಕಾಯಿಲೆ ಶುರುವಾಗುತ್ತದೆ, ಬರೆದದ್ದನ್ನು ಅಳಿಸದೇ ಇರುವುದು. ಒಂದು ಸುತ್ತು, ಅದರ ಮೇಲೆ ಬಾಣ, ಬಾಣದ ಮೇಲೆ ಟಿಕ್ಕು. ಐದು ನಿಮಿಷಕ್ಕೆ ಅಂಕಿಗಳೇ ಕಾಣುವುದಿಲ್ಲ. ಒಂದು ಮಾತು ಮುಗಿದ ಕೂಡಲೇ ಕೀಬೋರ್ಡ್‌ನ ಇ (E) ಒತ್ತಿ, ಅಷ್ಟೂ ಅಳಿಯುತ್ತದೆ. ಮೌಸ್ ಹಿಡಿದು ಅಕ್ಷರ ಬರೆಯಲು ಹೋಗಬೇಡಿ. ನಿಮ್ಮ ಕೈಬರಹ ಎಷ್ಟೇ ಚೆಂದ ಇರಲಿ, ಮೌಸ್‌ನಲ್ಲಿ ಕನ್ನಡದ ಒತ್ತಕ್ಷರ ಬರೆದರೆ ಅದನ್ನು ಯಾರೂ ಓದಲಾರರು. ಕಂಟ್ರೋಲ್ ಹಿಡಿದು ಎಳೆದರೆ ನೇರ ಡಬ್ಬಿ, ಶಿಫ್ಟ್ ಹಿಡಿದರೆ ನೇರ ಗೆರೆ, ಎರಡೂ ಹಿಡಿದರೆ ಬಾಣ. ನನ್ನ ಮಟ್ಟಿಗೆ ಈ ಮೂರೇ ಸಾಕು. ಬಣ್ಣಕ್ಕೆ ಆರ್ ಒತ್ತಿದರೆ ಕೆಂಪು, ಬಿ ಒತ್ತಿದರೆ ನೀಲಿ. ಹಳದಿ ಪ್ರೊಜೆಕ್ಟರ್‌ನ ಬಿಳಿ ಗೋಡೆಯಲ್ಲಿ ಮಾಯವಾಗುತ್ತದೆ. "ಕೆಂಪು ತಪ್ಪು, ಹಸಿರು ಸರಿ" ಅಂತ ಬಣ್ಣವನ್ನೇ ನಂಬಬೇಡಿ, ಆ ಎರಡು ಬಣ್ಣ ಬೇರೆ ಮಾಡಲಾಗದ ಗಂಡಸರು ಯಾವ ಕ್ಲಾಸಿನಲ್ಲೂ ಇರಬಹುದು. ತಪ್ಪಿಗೆ ಅಡ್ಡ ಗೆರೆ, ಸರಿಗೆ ಡಬ್ಬಿ ಹಾಕಿ.

ಗೆರೆ ದಪ್ಪ ಇರಲಿ. ನಮ್ಮಲ್ಲಿ ಕ್ಲಾಸ್ ಕೇಳುವವರಲ್ಲಿ ಜಾಸ್ತಿ ಜನ ಮೊಬೈಲ್‌ನಲ್ಲೇ ಕೇಳುವುದು, ಅದೂ ಬಸ್‌ನಲ್ಲಿ. ನಿಮ್ಮ ದೊಡ್ಡ ಮಾನಿಟರ್‌ನಲ್ಲಿ ಸಣ್ಣಗೆ ಚೆಂದ ಕಂಡ ಗೆರೆ ಅಲ್ಲಿ ಕೂದಲಿನಷ್ಟೂ ಇರುವುದಿಲ್ಲ. ಕಂಟ್ರೋಲ್ ಹಿಡಿದು ಮೌಸ್ ಚಕ್ರ ತಿರುಗಿಸಿದರೆ ಪೆನ್ನು ದಪ್ಪವಾಗುತ್ತದೆ.

ಆಫೀಸಿನ ಲ್ಯಾಪ್‌ಟಾಪ್ ಆದರೆ ಐಟಿಯವರನ್ನು ಕೇಳದೆ ಏನನ್ನೂ ಇಳಿಸಿಕೊಳ್ಳಬೇಡಿ. ಇದಕ್ಕೆ ಇನ್‌ಸ್ಟಾಲ್ ಬೇಕಾಗಿಲ್ಲ, ಒಂದೇ ಫೈಲ್, ನಿಜ. ಹಾಗಂತ ಯಾವುದೋ ಸೈಟ್‌ನಿಂದ ತಂದು ಓಡಿಸಬೇಡಿ, ಮೈಕ್ರೋಸಾಫ್ಟ್‌ನದ್ದೇ ಪುಟದಿಂದ ತನ್ನಿ. ಮೀಟಿಂಗ್ ಆ್ಯಪ್‌ಗಳಂತೂ ಆಗಾಗ ಬದಲಾಗುತ್ತಲೇ ಇರುತ್ತವೆ, ಇವತ್ತು ನಾನು ಹೇಳಿದ ಬಟನ್ ನಾಳೆ ಬೇರೆ ಕಡೆ ಇರಬಹುದು. ಅದಕ್ಕೇ, ಕ್ಲಾಸ್ ಶುರುವಾಗುವ ಮುಂಚೆ ನಿಮ್ಮದೇ ಮೊಬೈಲ್‌ನಿಂದ ಆ ಮೀಟಿಂಗ್‌ಗೆ ಸೇರಿ, ಕಂಪ್ಯೂಟರ್‌ನಲ್ಲಿ ಒಂದು ಗೆರೆ ಎಳೆದು, ಮೊಬೈಲ್ ನೋಡಿ. "ಎಲ್ಲರಿಗೂ ಕಾಣ್ತಿದೆಯಾ?" ಅಂತ ಕೇಳುವುದನ್ನು ನಂಬಬೇಡಿ. ನಮ್ಮ ಜನ ಕಾಣದಿದ್ದರೂ "ಹೂಂ ಸಾರ್" ಅಂತಾರೆ. ಮೊಬೈಲ್‌ನ ಮೈಕು, ಸ್ಪೀಕರ್ ಎರಡನ್ನೂ ಮೊದಲೇ ಮ್ಯೂಟ್ ಮಾಡಿಕೊಳ್ಳಿ, ಇಲ್ಲದಿದ್ದರೆ ಕೀಂ ಅಂತ ಕಿವಿ ಕೊರೆಯುತ್ತದೆ.