ಕಂಕುಳ ನಾತಕ್ಕೆ ಕತ್ತರಿ: ಯಾರಿಗೆ ಬೇಕು, ಯಾರಿಗೆ ಬೇಡ

ಆಗಷ್ಟೇ ಸುರಿದ ಬೆವರಿಗೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಕಂಕುಳಲ್ಲಿ ಮೈ ತಂಪು ಮಾಡುವ ಎಕ್ರೈನ್ ಗ್ರಂಥಿಗಳ ಜೊತೆಗೆ ಹರೆಯದಲ್ಲಿ ಚುರುಕಾಗುವ ಅಪೋಕ್ರೈನ್ ಗ್ರಂಥಿಗಳೂ ಇವೆ. ಇವುಗಳ ಜಿಡ್ಡು ಸ್ರಾವವನ್ನು ಚರ್ಮದ ಬ್ಯಾಕ್ಟೀರಿಯಾ ಒಡೆದಾಗಲೇ ನಾತ ಹುಟ್ಟುವುದು. ಇದರಲ್ಲಿ ಎಬಿಸಿಸಿ11 ಎಂಬ ಜೀನಿನ ಕೈವಾಡವಿದೆ. ಅದೇ ಜೀನು ಕಿವಿಯ ಗುಗ್ಗೆಯ ಸ್ವರೂಪವನ್ನೂ ನಿರ್ಧರಿಸುತ್ತದೆ. ಗುಗ್ಗೆ ಒಣಗಿ ಪುಡಿಪುಡಿಯಾಗಿರುವವರಲ್ಲಿ ಜೋರು ನಾತ ಅಪರೂಪ. ಹಾಗಾಗಿ ಕಂಕುಳ ದೂರು ತಂದವರ ಕಿವಿಯಲ್ಲೂ ನಾನು ಇಣುಕುವುದುಂಟು.

ಆಮೇಲೆ ಕಂಕುಳನ್ನು ಗಾಜ್ ಬಟ್ಟೆಯಿಂದ ಒರೆಸಿ ಮೂಸಿ ನೋಡುತ್ತೇನೆ. ಕೇಳಲು ಮುಜುಗರ, ಆದರೆ ಇದನ್ನು ಬಿಟ್ಟು ಕತ್ತರಿ ಹಿಡಿಯುವುದು ತಪ್ಪು. ಕೆಲವರಲ್ಲಿ ಏನೂ ನಾತವಿರುವುದಿಲ್ಲ. ತಾವು ಬಂದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆಂಬ ಗಟ್ಟಿ ನಂಬಿಕೆ ಮಾತ್ರ ಇರುತ್ತದೆ. ಅವರ ಸಂಕಟ ನಿಜ, ಆದರೆ ಅದಕ್ಕೆ ನೆರವಾಗಬಲ್ಲವರು ಮನೋವೈದ್ಯರು.

ನಾತ ಇದ್ದವರಿಗೂ ಮೊದಲು ಸುಲಭದ ದಾರಿ: ಕೂದಲು ತೆಗೆಯುವುದು, ಬ್ಯಾಕ್ಟೀರಿಯಾ ಕೊಲ್ಲುವ ಬೆನ್ಝಾಯಿಲ್ ಪೆರಾಕ್ಸೈಡ್ ವಾಶ್, ರಾತ್ರಿ ಒಣ ಚರ್ಮಕ್ಕೆ ಬೆವರು ತಗ್ಗಿಸುವ ಅಲ್ಯೂಮಿನಿಯಂ ಕ್ಲೋರೈಡ್. ಬಹುಪಾಲು ಮಂದಿಗೆ ಇಷ್ಟೇ ಸಾಕು.

ಸಾಲದಿದ್ದರೆ ಶಸ್ತ್ರಚಿಕಿತ್ಸೆ. ಆ ಭಾಗಕ್ಕಷ್ಟೇ ಅರಿವಳಿಕೆ ಕೊಟ್ಟು, ಕಂಕುಳ ಗೆರೆಯುದ್ದಕ್ಕೂ ಸಣ್ಣದಾಗಿ ಕೊಯ್ದು, ಚರ್ಮವನ್ನು ಬಿಡಿಸಿ ಅಂಗಿಯ ತೋಳು ಮಗುಚಿದಂತೆ ಒಳಮೈ ಹೊರಗೆ ಮಾಡುತ್ತೇವೆ. ಕೊಬ್ಬಿನ ಹಳದಿಯ ನಡುವೆ ಕಾಣುವ ಕೆಂಗಂದು ಕಾಳುಗಳೇ ಗ್ರಂಥಿಗಳು. ಬಾಗು ಕತ್ತರಿಯಿಂದ ಅವನ್ನು ಒಂದೊಂದಾಗಿ ಸವರಬೇಕು. ಕಷ್ಟವಿರುವುದು ಇಲ್ಲೇ. ಕಡಿಮೆ ಸವರಿದರೆ ನಾತ ಮರಳುತ್ತದೆ. ಹೆಚ್ಚಾದರೆ ಚರ್ಮಕ್ಕೆ ರಕ್ತ ಒಯ್ಯುವ ನವಿರು ನಾಳಗಳೂ ಹೋಗಿ ಚರ್ಮ ಕಪ್ಪಾಗಿ ಸಾಯುತ್ತದೆ. ಕೊಳವೆಯಿಂದ ಕೊಬ್ಬು ಹೀರುವ ಲೈಪೋಸಕ್ಷನ್‌ನಲ್ಲಿ ಕಲೆ ಚಿಕ್ಕದು, ನಿಜ. ಆದರೆ ಗ್ರಂಥಿಗಳು ಚರ್ಮಕ್ಕೇ ಅಂಟಿಕೊಂಡಿರುವುದರಿಂದ ಬರೀ ಹೀರಿದರೆ ಸಾಲದು, ಕೆರೆಯಲೂ ಬೇಕು. ಎದೆಯ ನರ ಕತ್ತರಿಸುವುದು ಅತಿಬೆವರಿನ ಚಿಕಿತ್ಸೆ; ಬೆನ್ನು, ಹೊಟ್ಟೆ ಬೆವರತೊಡಗುವ ಅಪಾಯ ಅದರಲ್ಲಿದೆ. ನಾತಕ್ಕೆಂದು ಅದನ್ನು ನಾನು ಸೂಚಿಸುವುದಿಲ್ಲ.

ಆಪರೇಷನ್ನಿಗಿಂತ ಆಮೇಲಿನ ವಾರವೇ ತ್ರಾಸು. ಬಿಡಿಸಿದ ಚರ್ಮ ಮತ್ತೆ ಕೂಡಿಕೊಳ್ಳಲೆಂದು ಗಾಜ್ ಬಟ್ಟೆಯ ಉಂಡೆಯನ್ನು ಹೊಲಿಗೆಯ ದಾರದಿಂದಲೇ ಬಿಗಿದು ಕಟ್ಟಿರುತ್ತೇವೆ. ತಲೆ ಬಾಚಲು ತೋಳೆತ್ತಿದರೂ ಒಳಗೆ ರಕ್ತ ಕಟ್ಟಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಗಾಯ ಮಾಯುವುದು ತಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ಗೆರೆಯಷ್ಟು ಕಲೆಯಂತೂ ಉಳಿಯುತ್ತದೆ, ಅಲ್ಲಿನ ಕೂದಲೂ ವಿರಳವಾಗುತ್ತದೆ.

ಹರೆಯಕ್ಕೆ ಕಾಲಿಟ್ಟ ಮಕ್ಕಳನ್ನು ಕರೆತಂದು ಅವಸರಪಡಿಸುವ ಹೆತ್ತವರಿಗೆ ನಾನು ಕಾಯಲು ಹೇಳುತ್ತೇನೆ. ಗ್ರಂಥಿಗಳು ಇನ್ನೂ ಬೆಳೆಯುತ್ತಿರುವಾಗ ಕೊಯ್ದರೆ ನಾತ ಮರಳುವ ಸಾಧ್ಯತೆ ಹೆಚ್ಚು.