ಡೋನರ್ ಲ್ಯಾಪ್‌ಟಾಪ್ ಅಂದ್ರೆ ಏನು?

"ಇದೇ ಮಾಡೆಲ್ಲಿನ ಡೋನರ್ ಸಿಕ್ಕರೆ ಮಾಡಿ ಕೊಡ್ತೀನ್ರಿ." ಬೆಳಗಾವಿಯಲ್ಲಿ ಹಳೇ ಲ್ಯಾಪ್‌ಟಾಪ್ ರಿಪೇರಿಗೆ ಒಯ್ದರೆ ಇಂಥ ಮಾತು ಕೇಳಿಸಬಹುದು. ತಾನು ಕೆಟ್ಟು ಮೂಲೆ ಸೇರಿದ್ದರೂ ಒಳಗಿನ ಕೆಲವು ಪಾರ್ಟ್ಸ್ ಚೆನ್ನಾಗಿರುವ ಲ್ಯಾಪ್‌ಟಾಪೇ ಡೋನರ್. ಒಂದರ ಮದರ್‌ಬೋರ್ಡ್ ಸುಟ್ಟಿರುತ್ತದೆ, ಇನ್ನೊಂದರ ಪರದೆ ಒಡೆದಿರುತ್ತದೆ. ಎರಡನ್ನೂ ಬಿಚ್ಚಿ ಒಂದನ್ನು ಓಡಿಸುತ್ತಾರೆ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವ ಊರಿದು. ಅಣ್ಣ ಬಳಸಿದ ಲ್ಯಾಪ್‌ಟಾಪಿನಲ್ಲೇ ತಂಗಿ ಪ್ರಾಜೆಕ್ಟ್ ಮುಗಿಸಬೇಕಾದ ಮನೆಗೆ ಇದು ದೊಡ್ಡ ಆಸರೆ.

ಆದರೆ ಎಲ್ಲವೂ ಎಲ್ಲದಕ್ಕೂ ಕೂರುವುದಿಲ್ಲ. ರ‍್ಯಾಮ್, ಅಂದರೆ ಕೆಲಸದ ಹೊತ್ತಿಗೆ ಬಳಸುವ ಮೆಮೊರಿಯಲ್ಲೇ ಡಿಡಿಆರ್3, ಡಿಡಿಆರ್4 ಎಂಬ ಬೇರೆ ಬೇರೆ ತಲೆಮಾರುಗಳಿವೆ. ಲ್ಯಾಪ್‌ಟಾಪಿನ ಡಿಡಿಆರ್3 ರ‍್ಯಾಮ್‌ಗೆ 204 ಪಿನ್, ಡಿಡಿಆರ್4ಗೆ 260. ನಡುವಿನ ಕಚ್ಚು ಕೂಡ ಬೇರೆ ಜಾಗದಲ್ಲಿದೆ. ಒತ್ತಿ ಕೂರಿಸಲು ಹೋದರೆ ಸ್ಲಾಟೇ ಹಾಳು. ಡಿಡಿಆರ್3ರಲ್ಲೂ 1.5 ವೋಲ್ಟಿನದು, 1.35 ವೋಲ್ಟಿನದು ಎಂದು ಎರಡು ಬಗೆ. ಕಡಿಮೆ ವೋಲ್ಟೇಜನ್ನಷ್ಟೇ ಒಪ್ಪುವ ಬೋರ್ಡಿಗೆ ಮೊದಲನೆಯದನ್ನು ಹಾಕಿದರೆ ಆನ್ ಆಗುವುದಿಲ್ಲ. ಪರದೆಯೂ ಅಷ್ಟೇ. ಎರಡೂ 15.6 ಇಂಚಿನವೇ ಇರಬಹುದು, ಒಂದಕ್ಕೆ 30 ಪಿನ್, ಇನ್ನೊಂದಕ್ಕೆ 40. ಪ್ಯಾನೆಲ್ ಹಿಂದಿನ ಸ್ಟಿಕ್ಕರಿನಲ್ಲಿರುವ ಮಾಡೆಲ್ ನಂಬರ್ ನೋಡಿಯೇ ತರಬೇಕು. ಸುಲಭಕ್ಕೆ ಕೂರುವುದು ಫೈಲ್‌ಗಳಿರುವ 2.5 ಇಂಚಿನ ಸಾಟಾ ಡಿಸ್ಕ್ (ಸಾಟಾ ಅಂದರೆ ಡಿಸ್ಕ್ ಜೋಡಿಸುವ ಒಂದು ಬಗೆಯ ಕನೆಕ್ಟರ್). ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುವುದು ಜಾಸ್ತಿ, ಅಲ್ಲಿ ಈ ಆಟ ನಡೆಯದು.

ಬ್ಯಾಟರಿಯನ್ನು ಮಾತ್ರ ಡೋನರಿನಿಂದ ತೆಗೆಯಬೇಡಿ. ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ಸವೆಯುತ್ತದೆ. ಉಬ್ಬಿದ್ದನ್ನಂತೂ ಮುಟ್ಟಲೇಬಾರದು, ಬೆಂಕಿ ಹೊತ್ತಿಕೊಳ್ಳಬಹುದು.

ಇಷ್ಟೆಲ್ಲ ವಾರಂಟಿ ಮುಗಿದ ಮೇಲಿನ ಮಾತು. ಸ್ಕ್ರೂ ಡ್ರೈವರ್ ಹಿಡಿಯುವ ಮುಂಚೆ ತಳದಲ್ಲಿರುವ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಇನ್ನೂ ಒಂದು ವಾರ ಉಳಿದಿದ್ದರೂ ಸರ್ವಿಸ್ ಸೆಂಟರಿಗೇ ಹೋಗಿ. ತಯಾರಿಕೆಯ ದೋಷವಿದ್ದರೆ ಕಂಪನಿಯೇ ಬೋರ್ಡನ್ನು ಪುಕ್ಕಟೆ ರಿಪೇರಿ ಮಾಡಿಕೊಡಬೇಕು, ಇಲ್ಲವೇ ಬದಲಿಸಬೇಕು. ನೀರು ಬಿದ್ದದ್ದು, ಕೆಳಗೆ ಬಿದ್ದು ಒಡೆದದ್ದು ಸಾಮಾನ್ಯ ವಾರಂಟಿಯಲ್ಲಿ ಬರುವುದಿಲ್ಲ. ನೀವೇ ಬಿಚ್ಚುವಾಗ ಆದ ಹಾನಿಯೂ ಅಷ್ಟೇ. ಸುಮ್ನೆ ಯಾಕೆ ಆ ಹಕ್ಕು ಕಳೆದುಕೊಳ್ಳಬೇಕು?

ರಿಪೇರಿಗೆ ಕೊಡುವ ಮುಂಚೆ ಫೈಲ್‌ಗಳ ಬ್ಯಾಕಪ್ ಇರಲಿ. ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದ್ದರೆ, ಆ ಬೀಗ ತೆಗೆಯುವ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಮದರ್‌ಬೋರ್ಡ್ ಬದಲಾದರೆ ಅದನ್ನು ಕೇಳುತ್ತದೆ. ರಿಪೇರಿಗೆ ಕೊಟ್ಟದ್ದಕ್ಕೆ ರಸೀದಿಯಂಥ ಜಾಬ್ ಶೀಟ್ ಇಸ್ಕೊಳ್ಳದೆ ಬರಬೇಡಿ. ವಾರಂಟಿ ಇದ್ದೂ ಕೆಲಸ ಮಾಡಿಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.